ಅಂಗಡಿ ಮುಂದೆ ಬಿಟ್ಟ ಚಪ್ಪಲಿ

ನಮ್ಮಪ್ಪನ ಪ್ರಕಾರ ಕೆಲಸ ಎಂದರೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಮಾಡುವಂಥದ್ದು. ಮಿಕ್ಕಿದ್ದೆಲ್ಲ ಬರೀ ಪಾಡು. ತಮಾಷೆಯೆಂದರೆ ಹೊಳೆನರಸೀಪುರದ ಪೇಟೆಯಲ್ಲಿರುವ ಅವನ ದಿನಸಿ ಅಂಗಡಿಯಲ್ಲಿ ಆಗ ಫ್ಯಾನೇ ಇರಲಿಲ್ಲ. ರಟ್ಟಿನ ತುಂಡಿನಲ್ಲಿ ಗಾಳಿ ಬೀಸಿಕೊಳ್ಳುತ್ತಲೇ ನನಗೆ ಈ ಉಪದೇಶ ಮಾಡುತ್ತಿದ್ದ.

ಆ ಅಂಗಡಿಯ ಮೇಲೆ ಅವನಿಗೆ ದೇವರ ಮೇಲಿನಷ್ಟೇ ಭಕ್ತಿ. ಬೆಳಿಗ್ಗೆ ಚಪ್ಪಲಿಯನ್ನು ಹೊರಗೆ ಬಿಟ್ಟು, ತಕ್ಕಡಿ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೇ ವ್ಯಾಪಾರ. ನಾವು ಮರೆತು ಚಪ್ಪಲಿ ಕಾಲಲ್ಲಿ ಅಂಗಡಿ ಹತ್ತಿದರೆ, "ಅನ್ನ ಕೊಡೋ ಜಾಗ ಕಣವ್ವ, ಇಳೀರಿ ಕೆಳಕ್ಕೆ" ಎಂದು ಗದರುತ್ತಿದ್ದ. ಹೀಗಾಗಿ ಗೌರವದ ಜಾಗ ಕಂಡರೆ ನನ್ನ ಕಾಲು ತಾನಾಗೇ ಚಪ್ಪಲಿ ಬಿಡುತ್ತಿತ್ತು. ಈ ಅಭ್ಯಾಸ ಮುಂದೆ ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುತ್ತೇನೆ.

ಬಿ.ಕಾಂ. ಮುಗಿಸಿ ನಾನು ಫ್ಯಾನು ಹುಡುಕಿಕೊಂಡು ಹೊರಟೆ. ಮೊದಲು ಅರಕಲಗೂಡಿನ ಒಂದು ಶಾಲೆಯ ಆಫೀಸು. ಮಕ್ಕಳು ಕಳೆದುಕೊಂಡ ಟಿಫನ್ ಬಾಕ್ಸ್ ಹುಡುಕಿಕೊಡುವುದೇ ಅಲ್ಲಿ ನನ್ನ ಮುಖ್ಯ ಕೆಲಸ. ಆಮೇಲೆ ಹಾಸನದ ಸೀರೆ ಅಂಗಡಿ. ಗಿರಾಕಿಯೊಬ್ಬರಿಗೆ "ಈ ಬಣ್ಣ ನಿಮಗೆ ಒಪ್ಪಲ್ಲ" ಎಂದು ನಿಜ ಹೇಳಿದೆ. ಮಾಲೀಕರಿಗೆ ನಾನು ಒಪ್ಪಲಿಲ್ಲ. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯಲ್ಲಿ ಫ್ಯಾನು ಬೇಕಾದಷ್ಟಿದ್ದವು, ಕೆಲಸ ಮಾತ್ರ ಇರಲಿಲ್ಲ. ಮಧ್ಯಾಹ್ನ ಕಂಪ್ಯೂಟರ್ ಮುಂದೆ ತೂಕಡಿಸಿ ತೂಕಡಿಸಿ ಕತ್ತು ಹಿಡಿದುಕೊಂಡಿತು. ಅದನ್ನೂ ಬಿಟ್ಟು ಬಂದಾಗ ಅಪ್ಪ ಅಕ್ಕಿ ಅಳೆಯುತ್ತಾ, ಗಿರಾಕಿಗಳಿಗೂ ಕೇಳುವಂತೆ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದ. ನನಗೆ ಸಿಟ್ಟು ಬಂತು. ನೆಲ ನಿಜಕ್ಕೂ ಡೊಂಕಾಗಿರಬಾರದೇನು?

ಅಷ್ಟರಲ್ಲಿ ಹಾಸನದ ಟ್ರ್ಯಾಕ್ಟರ್ ಮಾರುವ ಕಂಪನಿಯೊಂದು ಲೆಕ್ಕ ಬರೆಯುವವರು ಬೇಕೆಂದು ಜಾಹೀರಾತು ಕೊಟ್ಟಿತು. ಕಾರು ಓಡಿಸಲು ಬಂದರೆ ಒಳ್ಳೆಯದು ಎಂದೂ ಬರೆದಿತ್ತು. ಅರ್ಜಿ ಹಾಕಿ, ನಮ್ಮೂರಿನ ಡ್ರೈವಿಂಗ್ ಶಾಲೆಗೆ ಸೇರಿಕೊಂಡೆ.

ಅಲ್ಲಿ ಒಬ್ಬರು ಓಡಿಸುವಾಗ ಮಿಕ್ಕವರು ಹಿಂದಿನ ಸೀಟಿನಲ್ಲಿ ಸರದಿ ಕಾಯಬೇಕು. ನನಗಿಂತ ಮುಂಚಿನ ಸರದಿ ಒಬ್ಬ ಅಂಗನವಾಡಿ ಟೀಚರದ್ದು. ಪಕ್ಕದಲ್ಲಿ ಕೂತ ಮೇಷ್ಟ್ರು "ಕ್ಲಚ್ಚು! ಕ್ಲಚ್ಚು!" ಎಂದು ಕೂಗಿದಷ್ಟೂ ಅವರು ಗಾಬರಿಯಿಂದ ಕ್ಲಚ್ಚಿನ ಮೇಲಿನ ಕಾಲನ್ನು ಥಟ್ಟನೆ ಎತ್ತಿಬಿಡುವರು. ಕಾರು ಒಮ್ಮೆ ಎಗರಿ ಆಫ್ ಆಗುವುದು. ಒಂದು ಬೆಳಿಗ್ಗೆ ಹಳ್ಳಿಮೈಸೂರು ರಸ್ತೆಯಲ್ಲಿ ಅವರು ಸ್ಟೇರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟರು. ನಾನು ತಡೆಯಲಾರದೆ ಹಿಂದಿನಿಂದ ಬಗ್ಗಿ, "ಟೀಚರ್, ಹಾಲು ಉಕ್ಕಕ್ಕೆ ಬಂದಾಗ ಗ್ಯಾಸು ಸಣ್ಣಗೆ ಮಾಡ್ತೀರಲ್ಲ, ಅಂಗೇ ಕಾಲು ಮೇಲಕ್ಕೆ ತನ್ನಿ. ಆರಿಸ್ಬೇಡಿ, ಸಣ್ಣಗೆ ಮಾಡಿ ಅಷ್ಟೇ" ಎಂದೆ.

ಕಾರು ಬೆಣ್ಣೆಯ ಹಾಗೆ ಹೊರಟಿತು. ಟೀಚರು "ಅಯ್ಯೋ ಓಯ್ತಾ ಅದೆ! ಓಯ್ತಾ ಅದೆ!" ಎಂದು ಕೂಗಿಕೊಂಡು ಹಳ್ಳಿಮೈಸೂರಿನವರೆಗೂ ನಿಲ್ಲಿಸಲೇ ಇಲ್ಲ. ನಿಲ್ಲಿಸುವುದು ಹೇಗೆಂಬುದು ಅವರಿಗೆ ಮರೆತುಹೋಗಿತ್ತು ಎಂದು ಆಮೇಲೆ ಗೊತ್ತಾಯಿತು. ಆವತ್ತು ನನಗೆ ಆದಷ್ಟು ಖುಷಿ ಅರಕಲಗೂಡು, ಹಾಸನ, ಚನ್ನರಾಯಪಟ್ಟಣ ಎಲ್ಲ ಸೇರಿದರೂ ಆಗಿರಲಿಲ್ಲ. ಮೇಷ್ಟ್ರು ತಿರುಗಿ ನೋಡಿ, "ನೀನೇ ಏಳ್ಕೊಡವ್ವ ಇನ್ಮೇಲೆ. ನನ್ ಗಂಟ್ಲಾದ್ರೂ ಉಳ್ಕಳ್ಳಿ" ಎಂದರು. ತಮಾಷೆಗೆ ಅಂದರೋ ನಿಜಕ್ಕೋ, ನಾನು ಮಾತ್ರ ಅಂದಿನಿಂದ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರಲಿಲ್ಲ.

ಟ್ರ್ಯಾಕ್ಟರ್ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಅದೇ ದಿನ ಮೇಷ್ಟ್ರು ಹೊಸದಾಗಿ ಕೊಂಡ ಕಾರಿನಲ್ಲಿ ಹಾಸನಕ್ಕೆ ಹೊರಟಿದ್ದರು. ಅಪ್ಪನಿಗೆ ಹೇಳಿ ಹೋಗೋಣವೆಂದು ಅಂಗಡಿಗೆ ಬಂದು, ಕಾರನ್ನು ಅಲ್ಲಿಗೇ ಕರೆಸಿಕೊಂಡೆ. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ, ಬಾನೆಟ್ಟಿನ ಮೇಲೆ ಕುಂಕುಮ ಹಸಿಯಾಗೇ ಇತ್ತು. ಇಂಥ ಕಾರಿಗೆ ಚಪ್ಪಲಿ ಕಾಲು ಇಡುವುದೇ? ನನಗೇ ತಿಳಿಯದಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹತ್ತಿ ಕೂತೆ. ಹಾಸನದಲ್ಲಿ ಇಳಿದಾಗ ಕಾಲು ಚುರ್ ಎಂದಿತು.

ಹೊಸದು ಕೊಳ್ಳಲು ಹೊತ್ತಿರಲಿಲ್ಲ. ಬರಿಗಾಲಲ್ಲೇ ಒಳಗೆ ಹೋಗಿ, ಪಾದಗಳನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟುಕೊಂಡು ಕೂತೆ. ಮ್ಯಾನೇಜರು ಲೆಕ್ಕದ ಪ್ರಶ್ನೆ ಕೇಳಿದರು, ಹೇಳಿದೆ. ಕೊನೆಗೆ, "ಇಷ್ಟು ಕಡೆ ಕೆಲ್ಸ ಮಾಡಿದ್ದೀರಿ. ಇಷ್ಟ ಆದ ಕೆಲ್ಸ ಯಾವುದು?" ಎಂದರು. ಯಾವ ಆಫೀಸೂ ಬಾಯಿಗೆ ಬರಲಿಲ್ಲ. ಅಂಗನವಾಡಿ ಟೀಚರ ಕಥೆ ಶುರು ಮಾಡಿದೆ. ಹಾಲು, ಗ್ಯಾಸು, ಕ್ಲಚ್ಚು ಎಂದು ಹೇಳುತ್ತಾ ಹೇಳುತ್ತಾ, ಕಾಲು ಹೇಗೆ ಎತ್ತಬೇಕೆಂದು ತೋರಿಸಲು ಬರಿಗಾಲನ್ನು ಮುಂದಕ್ಕೆ ಚಾಚಿಯೇಬಿಟ್ಟೆ.

ಮ್ಯಾನೇಜರು ಕಾಲು ನೋಡಿದರು, ನನ್ನ ಮುಖ ನೋಡಿದರು, ಮನಸಾರೆ ನಕ್ಕರು. "ಕೆಲ್ಸ ಕೊಡ್ತೀನಿ ಕಣಮ್ಮ, ಸೋಮವಾರ ಬನ್ನಿ. ಆದ್ರೆ ನೀವಿಲ್ಲಿ ಕೂತ್ಕೊಳೋರಲ್ಲ ಬಿಡಿ" ಎಂದರು. ಅವರ ತಲೆಯ ಮೇಲೆ ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಅದನ್ನು ನೋಡಿದಾಗ ನನಗೆ ಒಂದಿಷ್ಟೂ ಆಸೆಯಾಗಲಿಲ್ಲ.

ಊರಿಗೆ ಬಂದಾಗ ಅಪ್ಪ ನನ್ನ ಚಪ್ಪಲಿಯನ್ನು ಅಂಗಡಿಯ ಜಗುಲಿ ಕೆಳಗೆ ಜೋಡಿಸಿಟ್ಟಿದ್ದ.

"ಕೆಲ್ಸ ಸಿಕ್ತಾ?"

"ಸಿಕ್ತು. ಆದ್ರೆ ಬೇಡ ಅಂದೆ. ಮೇಷ್ಟ್ರ ಜೊತೆ ಡ್ರೈವಿಂಗ್ ಏಳ್ಕೊಡ್ತೀನಿ."

ಅಪ್ಪ ರಟ್ಟು ಬೀಸುವುದನ್ನು ನಿಲ್ಲಿಸಿದ. "ರೋಡಲ್ಲಿ ತಿರ್ಗದು ಒಂದು ಕೆಲ್ಸನಾ? ಮಾಡ್ಕ ಓಗು. ನಿನ್ ಕಾರ್ ಮಾತ್ರ ನಾನ್ ಅತ್ತಕಿಲ್ಲ" ಎಂದ.

ಆಡಿದಂತೆ ನಡೆದುಕೊಂಡ. ಮೊದಲು ಮೇಷ್ಟ್ರಿಗೆ ಸಹಾಯಕಿಯಾಗಿ, ಆಮೇಲೆ ಪರವಾನಗಿ ಪಡೆದು ನಾನೇ ಕಲಿಸತೊಡಗಿದೆ. ನರ್ಸುಗಳು, ಹಾಲಿನ ಡೈರಿಯ ಹೆಂಗಸರು, ಮೊಮ್ಮಕ್ಕಳಿರುವ ಅಜ್ಜಿ, ಎಲ್ಲರೂ ಬಂದರು. ಬಂದವರಲ್ಲಿ ಅರ್ಧ ಜನ ನನ್ನ ಹಾಗೇ ಚಪ್ಪಲಿಯನ್ನು ರಸ್ತೆಯಲ್ಲಿ ಬಿಟ್ಟು ಹತ್ತುವವರೇ. "ಚಪ್ಪಲಿ ಒಳಗೆ!" ಎನ್ನುವುದೇ ನನ್ನ ಮೊದಲ ಪಾಠವಾಯಿತು. ಅಪ್ಪ ಮಾತ್ರ ನನ್ನ ಕಾರು ಅಂಗಡಿ ಮುಂದೆ ಹೋದಾಗಲೆಲ್ಲ ಬೇಳೆ ಡಬ್ಬದೊಳಗೆ ಏನೋ ಹುಡುಕುತ್ತಿದ್ದ. ಎಲ್ಲರೂ ಮೆಚ್ಚಿದರೂ ಅವನೊಬ್ಬ ಮೆಚ್ಚಲಿಲ್ಲವಲ್ಲ ಎಂಬ ನೋವು ನನಗೆ ಇದ್ದೇ ಇತ್ತು.

ಕಳೆದ ವರ್ಷ ಹಿರೀಸಾವೆಯಲ್ಲಿ ನೆಂಟರ ಗೃಹಪ್ರವೇಶ. ಇಸ್ತ್ರಿ ಪಂಚೆ ಉಟ್ಟ ಅಪ್ಪ ಬೆಳಿಗ್ಗೆ ಅಂಗಡಿ ಮುಂದೆ ನಿಲ್ಲಿಸಿದ್ದ ನನ್ನ ಕಾರಿನ ಹತ್ತಿರ ಬಂದು ನಿಂತ. ಎಲ್ಲೋ ನೋಡುತ್ತಾ, "ಬಸ್ಸು ಬಾಳ ರಶ್ಶಂತೆ" ಎಂದ. ನಾನು ಮುಂದಿನ ಬಾಗಿಲು ತೆಗೆದೆ.

ಅಪ್ಪ ಚಪ್ಪಲಿ ಕಳಚಿ ರಸ್ತೆಯ ಪಕ್ಕ ಜೋಡಿಸಿಟ್ಟ.

"ಅಪ್ಪಾ, ಆಕ್ಕಂಡೇ ಅತ್ತು, ಏನಾಗಲ್ಲ."

"ಅಂಗಡೀಗೆ ಆಕ್ಕಂಡು ಅತ್ತೀನಾ ನಾನು?" ಎಂದು ನನ್ನನ್ನೇ ಗದರಿ, ಕಾರಿನ ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ ಕೂತ.

ನಾನು ಇಳಿದು ಆ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿ ಡಿಕ್ಕಿಯಲ್ಲಿ ಇಟ್ಟೆ. ಮತ್ತೆ ಬಂದು ಕೂತಾಗ ಕಣ್ಣು ಮಂಜಾಗಿತ್ತು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಊರಿಗೆಲ್ಲ ಕಲಿಸಿದವಳ ಕಾರು ಒಮ್ಮೆ ಎಗರಿ, ಅಪ್ಪನ ಅಂಗಡಿಯ ಎದುರಿಗೇ ಆಫ್ ಆಯಿತು.

"ನಿದಾನ್ವಾಗಿ ಬುಡವ್ವ," ಎಂದ ಅಪ್ಪ, "ಆತ್ರ ಏನಿಲ್ಲ."