ಹುಲ್ಲು ಹೊಡೆಯುವ ಯಂತ್ರದ ಚೀನೀ ಪಾಠ

ಚೀನೀ ಭಾಷೆಗೂ ಒಂದು ಪರೀಕ್ಷೆ ಇದೆ, ಯಾರು ಬೇಕಾದರೂ ಬರೆಯಬಹುದು ಎಂದು ನನಗೆ ತಿಳಿದದ್ದು ಕೊಪ್ಪದ ಸೈಬರ್ ಸೆಂಟರಿನಲ್ಲಿ. ಅದನ್ನು ಬರೆಯಬೇಕೆಂಬ ಹುಚ್ಚು ತಲೆಗೆ ಹೊಕ್ಕಿತು. ಆದರೆ ಕೊಪ್ಪದಿಂದ ಶೃಂಗೇರಿಯವರೆಗೆ ಯಾವ ಅಂಗಡಿಯಲ್ಲೂ ಚೀನೀ ಪುಸ್ತಕ ಸಿಗಲಿಲ್ಲ.

ಚೀನೀ ಭಾಷೆ ಇದ್ದದ್ದು ಕಮ್ಮರಡಿಯ ಯಂತ್ರದ ಅಂಗಡಿಯಲ್ಲಿ. ಆಗಷ್ಟೇ ಚೀನಾದಿಂದ ಹುಲ್ಲು ಹೊಡೆಯುವ ಯಂತ್ರಗಳು ಬರತೊಡಗಿದ್ದವು. ಪ್ರತಿ ಪೆಟ್ಟಿಗೆಯಲ್ಲೂ ಒಂದು ಕೈಪಿಡಿ ಇರುತ್ತಿತ್ತು, ಒಂದು ಪುಟದಲ್ಲಿ ಚೀನೀ, ಎದುರು ಪುಟದಲ್ಲಿ ಇಂಗ್ಲಿಷ್. ಕೊಂಡವರು ಅದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅಂಗಡಿಯವರು ಅದರ ಹಾಳೆ ಹರಿದು ನಟ್ಟು ಬೋಲ್ಟು ಕಟ್ಟಿಕೊಡುತ್ತಿದ್ದರು. ನಾನು ಕೇಳಿದಾಗ, "ತಗೊಂಡ್ಹೋಗಿ. ಎಂತ ಮಾಡ್ತೀರೋ ಮಾರಾಯ್ರೆ," ಎಂದು ಕೊಟ್ಟುಬಿಟ್ಟರು.

ಆರು ತಿಂಗಳು ಎರಡೂ ಪುಟಗಳನ್ನು ಹೋಲಿಸಿ ಹೋಲಿಸಿ ಅಕ್ಷರಗಳ ಗುರುತು ಹಿಡಿದೆ. ಎಣ್ಣೆ, ಬೆಂಕಿ, ಅಪಾಯ, ಬ್ಲೇಡಿನ ಹತ್ತಿರ ಕೈ ತರಬೇಡಿ. ನನಗೆ ಜಂಬವೇ ಬಂದುಬಿಟ್ಟಿತು. ಮತ್ತೆ ಸೈಬರ್ ಸೆಂಟರಿಗೆ ಹೋಗಿ, ಪುಕ್ಕಟೆ ಸಿಗುತ್ತಿದ್ದ ಮಾದರಿ ಪ್ರಶ್ನೆಪತ್ರಿಕೆಯ ಪ್ರಿಂಟ್ ತೆಗೆಸಿದೆ.

ಮೊದಲ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಲ್ಲಿನ ಕಂಪ್ಯೂಟರಿನಲ್ಲೇ ಒಂದು ಗಂಟೆ ಅರ್ಥ ಹುಡುಕಿದ ಮೇಲೆ ನೋಡಿದರೆ ಕೇಳಿದ್ದು ಇಷ್ಟೇ: ಅಮ್ಮ ಮಧ್ಯಾಹ್ನ ಏನು ಅಡುಗೆ ಮಾಡಿದಳು? ಪತ್ರಿಕೆಯ ತುಂಬ ಅಮ್ಮ, ಅನ್ನ, ಪೇಟೆ, ಬಸ್ಸು. ಬ್ಲೇಡಿನ ಸುದ್ದಿಯೇ ಇಲ್ಲ.

ಸಿಟ್ಟಿನಲ್ಲಿ ಅಂಗಡಿಗೆ ಹೋಗಿ ಹೇಳಿದೆ. "ಎಂಜಿನ್ ಬಿಚ್ಚೋದು ಓದೋಕೆ ಬರುತ್ತೆ, ಊಟ ಆಯ್ತಾ ಅಂತ ಕೇಳೋಕೆ ಬರಲ್ಲ."

ಅವರು ನಗಲಿಲ್ಲ. ಕಪಾಟಿನ ಹಿಂದೆ ಕೈಹಾಕಿ ಇನ್ನೊಂದು ಕೈಪಿಡಿ ತೆಗೆದರು.

"ಇದು ಕರೆಂಟಲ್ಲಿ ಅನ್ನ ಮಾಡೋ ಕುಕ್ಕರಿಂದು. ಇದ್ರಲ್ಲಿ ಅನ್ನ ಇರ್ಲೇಬೇಕಲ್ಲ, ನೋಡಿ."