ಬಿಳಿ ಶೂ ಒಳಗಿನ ಜೇಡ

ನಂಬುವವರು ನಂಬಿ, ಬಿಡುವವರು ಬಿಡಿ. ಕಥೆ ಕಟ್ಟುವ ಚಾಳಿ ನನಗಿಲ್ಲ. ಮಗಳ ತಲೆ ಮುಟ್ಟಿ ಹೇಳುತ್ತೇನೆ, ಇದು ನಡೆದದ್ದೇ.

ಲಾಕ್‌ಡೌನ್ ಕಾಲ. ಮಲೇಷ್ಯಾದ ಮೆಲಾಕಾದಲ್ಲಿ ನಮ್ಮದು ಸಾಲುಮನೆ. ನನ್ನ ಗಂಡ ರಾಘವ ಮಣಿಪಾಲದ ಕಡೆಯವರು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಮೇಷ್ಟ್ರು. ಏನನ್ನೇ ಆಗಲಿ, ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದು ನೋಡದೆ ನಂಬುವ ಆಸಾಮಿಯಲ್ಲ.

ಶಾಲೆ ಮುಚ್ಚಿ ತಿಂಗಳುಗಳೇ ಆಗಿದ್ದವು. ಅವತ್ತು ಕತ್ತಲಾಗುವ ಹೊತ್ತಿಗೆ ಏಳು ವರ್ಷದ ಮಗಳು ದಿಯಾ, ಸ್ಕೂಲ್ ಆಟ ಆಡಲೆಂದು ಬಾಗಿಲಾಚೆಯ ರ್ಯಾಕ್‌ನಿಂದ ತನ್ನ ಬಿಳಿ ಶೂ ತಂದು ಕಾಲು ತೂರಿಸಿದಳು.

ಕಿರುಚಿದ್ದು ಕೇಳಿ ಓಡಿದೆ. ಪಾದದ ಮೇಲೆ ಎರಡು ತೂತು... ಸುತ್ತ ಆಗಲೇ ಊದಿಕೊಳ್ಳುತ್ತಿತ್ತು. ಶೂ ಒಳಗಿಂದ ಕೊಳೆತ ಎಲೆಯ ವಾಸನೆ.

"ಅಮ್ಮಾ, ಇಟ್ಸ್ ಬರ್ನಿಂಗ್... ಸ್ಪೈಡರ್..."

ಸೋಪುನೀರಿನಲ್ಲಿ ತೊಳೆದು ಐಸ್ ಒತ್ತಿದೆ. "ರೀ, ಕಾರ್ ತೆಗೀರಿ!"

"ಒಂದು ನಿಮಿಷ ಮಾರಾಯ್ತಿ. ಯಾವ ಜೇಡ ಅಂತ ಗೊತ್ತಾಗ್ಬೇಕಲ್ಲ? ಸ್ಪೆಸಿಮೆನ್ ಬೇಕು."

ಮಗು ಒದ್ದಾಡುತ್ತಿದೆ, ಈ ಮನುಷ್ಯ ಉಪ್ಪಿನಕಾಯಿ ಬಾಟಲಿ ಖಾಲಿ ಮಾಡಿ ತೊಳೆಯುತ್ತಿದ್ದಾರೆ! ನನಗೆ ಮೈಯೆಲ್ಲ ಉರಿದುಹೋಯಿತು. ಶೂವನ್ನು ಬಾಟಲಿಯ ಬಾಯಿಗೆ ಹಿಡಿದು ಕೊಡವಿದರು. ಕಪ್ಪು ರೋಮದ ಕಾಲುಗಳಿದ್ದ ಏನೋ ಒಂದು ಒಳಗೆ ಬಿತ್ತು. ಮುಚ್ಚಳ ಬಿಗಿದರು.

ದಾರಿಯುದ್ದಕ್ಕೂ ಬಾಟಲಿ ನನ್ನ ತೊಡೆಯ ಮೇಲೆ. ಗಾಜಿಗೆ ಕಾಲು ಬಡಿಯುವ ಸದ್ದು... ಟಕ್... ಟಕ್... ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಅಡ್ಡಗಟ್ಟಿದ ಪೊಲೀಸಿನವನು ಟಾರ್ಚ್ ಬಿಟ್ಟು ಬಾಟಲಿ ನೋಡಿ, ಹಿಂದೆ ಸರಿದು, ಹೋಗಿ ಎಂದು ಕೈ ಬೀಸಿದ. ದಿಯಾ ಬೆವರಿ ತೊಯ್ದುಹೋಗಿದ್ದಳು.

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರನ್ನೇ ಬಿಡುತ್ತಿದ್ದರು. ರಾಘವ ಕಾರಿನಲ್ಲೇ ಉಳಿದರು. ಮಗಳನ್ನೂ ಬಾಟಲಿಯನ್ನೂ ಎತ್ತಿಕೊಂಡು ನಾನು ಒಳಗೆ ಓಡಿದೆ.

ಫೇಸ್ ಶೀಲ್ಡ್ ಹಾಕಿದ್ದ ತಮಿಳು ಡಾಕ್ಟರಮ್ಮ ಬಾಟಲಿಯನ್ನು ದೀಪಕ್ಕೆ ಹಿಡಿದು ಅಲುಗಾಡಿಸಿದರು. ಒಣ ಸಿಪ್ಪೆಯ ಸದ್ದು ಬಂತು.

"ದಿಸ್ ಈಸ್ ನಾಟ್ ಸ್ಪೈಡರ್ ಲಾ. ಓನ್ಲಿ ಸ್ಕಿನ್."

ಜೇಡ ಎಂದೋ ಕಳಚಿ ಬಿಟ್ಟುಹೋದ ಪೊರೆಯಂತೆ ಅದು!

"ಜೀವ ಇತ್ತು ಡಾಕ್ಟರ್! ದಾರಿಯುದ್ದಕ್ಕೂ ಗಾಜಿಗೆ ಬಡೀತಿತ್ತು!" ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿಬಿಟ್ಟೆ.

ಅವರು ಸ್ಕೇಲ್ ತೆಗೆದುಕೊಂಡರು. ಪೊರೆಗೆ ಅಂಟಿದ್ದ ಹಲ್ಲುಗಳ ನಡುವಿನ ಜಾಗ ಅಳೆದರು. ಆಮೇಲೆ ಮಗಳ ಕಾಲಿನ ತೂತುಗಳ ನಡುವಿನದು. ಎರಡಕ್ಕೂ ತಾಳೆಯೇ ಇಲ್ಲ. ಕಚ್ಚಿದ್ದು ಇದಕ್ಕಿಂತ ಎಷ್ಟೋ ದೊಡ್ಡದು, ಅಷ್ಟು ದೊಡ್ಡದು ಮಕ್ಕಳ ಶೂ ಒಳಗೆ ಹಿಡಿಸುವುದೇ ಇಲ್ಲ ಎಂದರು.

ಅಷ್ಟರಲ್ಲಿ ಫೋನ್. ರಾಘವ ಪಿಸುಗುಟ್ಟುತ್ತಿದ್ದರು.

"ಬಾಟಲಿ ಕಾರಲ್ಲೇ ಬಿಟ್ಟು ಹೋದ್ಯಾ? ಟಕ್ ಟಕ್ ಅಂತ ಸದ್ದು ಬರ್ತಾ ಉಂಟು ಮಾರಾಯ್ತಿ... ನನ್ನ ಸೀಟಿನ ಹಿಂದೆ..."

"ಇಳೀರಿ! ಮೊದ್ಲು ಕೆಳಗೆ ಇಳೀರಿ!"

ಇಳಿದರು. ಬೆಳಗ್ಗೆ ಕಾರಿನ ಸೀಟು ಬಿಚ್ಚಿ ನೋಡಿದರೂ ಏನೂ ಸಿಗಲಿಲ್ಲ.

ಯಾವ ಜೇಡ ಎಂದು ತಿಳಿಯದೆ ಯಾವ ಮದ್ದು ಕೊಡುವುದು? ನೋವಿಗಷ್ಟೇ ಕೊಟ್ಟು, ಡಾಕ್ಟರಮ್ಮ ರಾತ್ರಿಯೆಲ್ಲ ಮತ್ತೆ ಮತ್ತೆ ಬಂದು ನಾಡಿ ನೋಡಿದರು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕೆಲವು ದಿನಕ್ಕೆ ಊತ ಇಳಿಯಿತು.

ನನ್ನ ಮಗಳು ಉಳಿದಳು. ಯಾವುದರ ಬಾಯಿಂದ ಉಳಿದಳೋ, ಅದು ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.