ಅತ್ತೆ ಮೂಸಿ ನೋಡಿದ ಪಿಲ್ಸ್‌ನರ್

ನಮ್ಮತ್ತೆಯ ಮೇಲ್ದುಟಿಯ ಎಡತುದಿ ಒಂದು ಎಳ್ಳುಕಾಳಿನಷ್ಟು ಮೇಲಕ್ಕೆದ್ದರೆ ಮುಗಿಯಿತು. ವೀಳ್ಯದ ಕಂದು ಹತ್ತಿದ ಕೋರೆಹಲ್ಲೊಂದು ಅರೆಕ್ಷಣ ಕಂಡು ಮರೆಯಾಗುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದ ಸಾಂಬಾರೋ ಸೀರೆಯೋ ಸಂಬಂಧವೋ ತನ್ನ ಮಾನ ಕಳೆದುಕೊಂಡಿರುತ್ತಿತ್ತು. ಬೈಗುಳವಿಲ್ಲ, ಕೂಗಾಟವಿಲ್ಲ.

ನಾನು ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿ, ಯಾರು ಏನು ಕೊಟ್ಟರೂ “ತುಂಬಾ ಚೆನ್ನಾಗಿದೆ” ಎನ್ನಲು ಕಲಿತು, ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿತೋಟದ ಮನೆಗೆ ಸೊಸೆಯಾಗಿ ಬಂದವಳು. ಮೊದಲ ದಿನ ನನ್ನ ರಸಂ ಕುಡಿದು ಅತ್ತೆ ತುಟಿ ಎತ್ತಿದರು. ನಾನು ನಕ್ಕು, “ಚೆನ್ನಾಗಿದೆಯಾ ಅತ್ತೆ?” ಎಂದೆ.

“ಹಂಗೆ ಕೇಳೋಳಿಗೆ ಚೆನ್ನಾಗಿಲ್ಲೆ ಅಂತ ಮೊದ್ಲೇ ಗೊತ್ತಿರ್ತೈತೆ,” ಎಂದರು. ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ‘ಕಾನ್ವೆಂಟು’ ಎಂದಾಯಿತು. “ಏ ಕಾನ್ವೆಂಟೇ, ಒಲೆ ನೋಡು.” “ಏ ಕಾನ್ವೆಂಟೇ, ಹಾಲು ಉಕ್ತೈತೆ.”

ಅವರ ತವರು ಒಡ್ಡನ್‌ಛತ್ರಂ. ಅವರಪ್ಪ ಬೆಣ್ಣೆ ವ್ಯಾಪಾರಿ. ಸುತ್ತಲಿನ ಹಳ್ಳಿಯ ಹೆಂಗಸರು ತಲೆಯ ಮೇಲೆ ಮಡಕೆಯಲ್ಲಿ ಬೆಣ್ಣೆ ಹೊತ್ತು ತಂದರೆ, ಅದು ತಾಜಾವೋ ಮುಗ್ಗಲೋ, ಡಾಲ್ಡಾ ಬೆರೆತಿದೆಯೋ ಎಂದು ತೀರ್ಮಾನಿಸುತ್ತಿದ್ದದ್ದು ಅಪ್ಪನಲ್ಲ, ಏಳು ವರ್ಷದ ಈ ಮಗಳು. ಎಡಗೈಯ ಹಿಂಬದಿಗೆ ಒಂದು ಚೂರು ಸವರಿ, ಬಲಗೈ ಬೆರಳಿನಿಂದ ಉಜ್ಜಿ, ಮೈಬಿಸಿಗೆ ಅದು ಕರಗುವವರೆಗೆ ಕಾದು, ಮೂಸುವುದು. ಅಷ್ಟೇ. ದೊಡ್ಡ ದೊಡ್ಡ ಹೆಂಗಸರು ಆ ಪುಟ್ಟ ಮೂಗಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರಂತೆ. ಆ ಅಭ್ಯಾಸ ಅವರಿಗೆ ಎಪ್ಪತ್ತು ದಾಟಿದರೂ ಬಿಡಲಿಲ್ಲ. ಎಣ್ಣೆ, ಜೇನು, ಡಾಕ್ಟರು ಕೊಟ್ಟ ಮುಲಾಮು, ಎಲ್ಲವೂ ಮೊದಲು ಕೈಯ ಹಿಂಬದಿಗೆ. ವಾರಕ್ಕೊಮ್ಮೆ ತುಪ್ಪ ಕಾಯಿಸುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಪಾಠವಿಲ್ಲ, ವಿವರಣೆಯಿಲ್ಲ. “ಮೂಸು,” ಎನ್ನುವರು. ನಾನು ಮೂಸುವೆ. “ಏನೈತೆ?” “ತುಂಬಾ ಚೆನ್ನಾಗಿದೆ ಅತ್ತೆ.” ತುಟಿ ಏಳುತ್ತಿತ್ತು.

ಅವರ ತಿರಸ್ಕಾರದ ಬಹುಪಾಲು ತಮ್ಮ ಹಿರಿಯ ಮಗನಿಗೆ ಮೀಸಲಾಗಿತ್ತು. ನನ್ನ ದೊಡ್ಡ ಬಾವನ ಹಣೆಗೆ ಗಂಧ, ಕಿವಿಯ ಹಿಂದೆ ಒಂದು ತುಳಸಿ ಎಸಳು, ಸಂಜೆಯಾದರೆ ಬ್ರಾಂದಿ, ಅದರ ಮೇಲೆ ಏಲಕ್ಕಿ. ಊರಿನ ಪಂಚಾಯಿತಿಯಲ್ಲಿ ಕುಡುಕರಿಗೆ ಬುದ್ಧಿ ಹೇಳುವವರು ಇವರೇ. ನಮ್ಮ ತೋಟದ ದ್ರಾಕ್ಷಿ ಲಾರಿ ಹತ್ತಿ ಹೋಗಿ ಎಲ್ಲೆಲ್ಲಿ ಏನೇನಾಗುತ್ತದೆಂದು ಅವರು ಎಂದೂ ಯೋಚಿಸಿದವರಲ್ಲ. ಆದರೆ ನನ್ನ ಮಗಳು, “ಮದುವೆಯಾದರೆ ಇವನನ್ನೇ,” ಎಂದು ಒಬ್ಬ ಹುಡುಗನ ಫೋಟೋ ತೋರಿಸಿದಾಗ ಮೊದಲು ಎದ್ದು ನಿಂತವರು ಅವರು.

ಹುಡುಗ ಕೊಂಬೈನವನು, ನಮ್ಮ ಜನವೇ, ಈ ತಮಿಳು ಸೀಮೆಯಲ್ಲೂ ಮನೆಯಲ್ಲಿ ಆಡುವುದು ನಮ್ಮ ಕನ್ನಡವೇ. ಮಗಳೊಂದಿಗೆ ಕೊಯಮತ್ತೂರಿನಲ್ಲಿ ಓದಿದವನು. ಜರ್ಮನಿಯಲ್ಲಿ ಎರಡು ವರ್ಷ ಬಿಯರ್ ಮಾಡುವುದನ್ನು ಕಲಿತು ಬಂದು ಬೆಂಗಳೂರಿನ ಒಂದು ಸಣ್ಣ ಭಟ್ಟಿಯಲ್ಲಿ ಅದನ್ನೇ ಮಾಡುತ್ತಿದ್ದ.

“ಸಾರಾಯಿ ಕಾಯಿಸೋನಿಗೆ ನಮ್ಮ ಮನೆ ಪೊಣ್ಣಾ, ನಾವು ಹೆಣ್ಣು ಕೊಡೋದಾ?” ಎಂದರು ಬಾವ. ನಮ್ಮೆಜಮಾನರು ಅಣ್ಣನ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು. ನಾನು ಯಾರ ಮುಖವನ್ನೂ ನೋಡದೆ, “ಕಾಫಿ ತರಲಾ?” ಎಂದೆ. ಎಷ್ಟು ಹೇಡಿಯ ಮಾತು ಅದು! ಇಂದಿಗೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಅತ್ತೆ ವೀಳ್ಯ ಉಗಿದು ಬಂದು ಕುಳಿತರು. “ಹುಡ್ಗ ಬರ್ಲಿ,” ಎಂದರು.

ಹೆಣ್ಣು ನೋಡಲು ಬರುವಾಗ ಗಂಡಿನ ಕಡೆಯವರು ತಮ್ಮ ಕೈಯಿಂದ ಆದದ್ದೇನನ್ನಾದರೂ ತಟ್ಟೆಯಲ್ಲಿಟ್ಟು ತರುವುದು ನಮ್ಮ ಮನೆಯ ರೂಢಿ. ಬಾಳೆ ಬೆಳೆದವರು ಬಾಳೆ, ಏಲಕ್ಕಿ ಬೆಳೆದವರು ಏಲಕ್ಕಿ. ಕೊಂಬೈನಿಂದ ತೆಂಗಿನಕಾಯಿ ತರುತ್ತೇವೆಂದು ಹೇಳಿ ಕಳಿಸಿದ್ದರು. ಅತ್ತೆ ಒಪ್ಪಲಿಲ್ಲ. “ತೆಂಗು ಅವನಪ್ಪ ಬೆಳೆದದ್ದು. ಪೊಣ್ಣು ಕೇಳ್ತಿರೋದು ಅಪ್ಪನಾ? ಹುಡ್ಗ ಏನು ಮಾಡ್ತಾನೋ ಅದನ್ನ ತರ್ಲಿ.”

“ಅಮ್ಮಾ! ಅದು ಕುಡಿಯೋ ಸರಕು!”

“ಗೊತ್ತು ಕಣಪ್ಪಾ. ನಿನ್ನ ಬಾಯಿ ಹತ್ರ ನಿಂತೂ ನಿಂತೂ ಆ ವಾಸನೆ ನಂಗೂ ಪಳಗೈತೆ.”

ಆಡಿ ತಿಂಗಳು, ಅಂದರೆ ಆಷಾಢ, ಹುಟ್ಟಿದರೆ ಮದುವೆಯ ಮಾತಾಡುವಂತಿಲ್ಲ. ಅದಕ್ಕಾಗಿ ಗೊತ್ತಾಗಿದ್ದ ದಿನವನ್ನು ಎಂಟು ದಿನ ಹಿಂದಕ್ಕೆ ಎಳೆದೆವು. ಬೆಳಗಿನ ಹನ್ನೊಂದಕ್ಕೆ ಅವರು ಬಂದರು. ಹೂವು, ಹಣ್ಣಿನ ತಟ್ಟೆಗಳ ನಡುವೆ ಮೀನಿನವರು ಇಟ್ಟುಕೊಳ್ಳುವಂಥ ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಐಸು, ಐಸಿನಲ್ಲಿ ನಾಲ್ಕು ಕಂದು ಬಾಟಲಿ. ಹುಡುಗ ತೆಳ್ಳಗಿದ್ದ, ಉಗುರನ್ನು ಬುಡಮಟ್ಟ ಕತ್ತರಿಸಿದ್ದ. ಸ್ಟೀಲ್ ಲೋಟ ಬೇಡ, ಗಾಜಿನದು ಬೇಕೆಂದ. ನನ್ನ ಮದುವೆಯಲ್ಲಿ ಬಂದು ಬೀರುವಿನಲ್ಲೇ ಉಳಿದಿದ್ದ ಹೂವಿನ ಚಿತ್ರದ ಗ್ಲಾಸುಗಳನ್ನು ತೆಗೆದುಕೊಟ್ಟೆ. ತೊಳೆದೇ ಕೊಟ್ಟಿದ್ದೆ. ಅವನು ಒಂದೊಂದನ್ನೂ ಮೂಸಿ, “ಸೋಪಿನ ವಾಸನೆ ಇದೆ ಆಂಟಿ, ಸಾರಿ,” ಎಂದು ತಾನೇ ನಲ್ಲಿಯ ಕೆಳಗೆ ಮತ್ತೆ ತೊಳೆದ. ಅತ್ತೆ ಜಗಲಿಯಿಂದ ಅದನ್ನು ನೋಡುತ್ತಿದ್ದರು.

ಸುರಿದಾಗ ಒಣಹುಲ್ಲಿನ ಬಣ್ಣ, ಅದರ ಮೇಲೆ ಎರಡು ಬೆರಳು ನೊರೆ. ಜರ್ಮನಿಯವರ ರೀತಿಯ ಪಿಲ್ಸ್‌ನರ್ ಎಂದ. ಬಾರ್ಲಿ, ನೀರು, ಒಂದು ಬಳ್ಳಿಯ ಹೂವು, ಯೀಸ್ಟು, ಬೇರೇನೂ ಇಲ್ಲ ಎಂದ.

“ನಾಲ್ಕೇ ಸಾಮಾನಾ,” ಎಂದರು ಅತ್ತೆ. “ಹಂಗಾದ್ರೆ ತಪ್ಪಾದ್ರೆ ಬಚ್ಚಿಡಾಕೆ ಜಾಗ ಇಲ್ಲೆ.”

ಗಂಡಸರು ಮೊದಲು ಗ್ಲಾಸು ಎತ್ತಿದರು. ಒಂದೂವರೆ ತಿಂಗಳು ‘ಸಾರಾಯಿ’ ಎಂದು ಮೂಗು ಮುರಿದಿದ್ದ ಬಾವ ಕಣ್ಣು ಮುಚ್ಚಿ ಬಾಯಿಯೊಳಗೆ ಹೊರಳಿಸಿ, “ಏನ್ ಸ್ಮೂತ್ ಮಾಪ್ಳೆ! ಫಾರಿನ್ ಫಾರಿನ್ನೇ,” ಎಂದು ಆಗಲೇ ಅವನನ್ನು ಅಳಿಯನನ್ನಾಗಿ ಮಾಡಿಕೊಂಡರು. ಇನ್ನೊಬ್ಬರು, “ಬೆಣ್ಣೆ ಹಂಗೆ ಇಳೀತೈತೆ,” ಎಂದರು. ಹೊಗಳಿಕೆಯೆಂದುಕೊಂಡೇ ಅಂದರು ಪಾಪ. ಆ ಮಾತಿಗೆ ಹುಡುಗ ಮಾತ್ರ ಕಣ್ಣು ಕೆಳಗಿಳಿಸಿದ್ದು ನನಗೆ ಕಂಡಿತು.

ಅತ್ತೆ ಗ್ಲಾಸಿಗೆ ಬೆರಳದ್ದಿ ಎಡಗೈಯ ಹಿಂಬದಿಗೆ ಸವರಿದರು. ಉಜ್ಜಿದರು. ಕಾದರು. ಮೂಸಿದರು. ಅಂಗೈ ಗುಳಿಗೆ ಒಂದಿಷ್ಟು ಸುರಿಸಿಕೊಂಡು ನಾಲಿಗೆಗೆ ಮುಟ್ಟಿಸಿದರು. ಎಡತುದಿ ಎದ್ದಿತು.

“ಇದ್ರಲ್ಲಿ ಬೆಣ್ಣೆ ಐತೆ.”

ಬಾವ ತೊಡೆ ತಟ್ಟಿ ನಕ್ಕರು. “ಬಿಯರ್‌ಗೆ ಯಾರಮ್ಮ ಬೆಣ್ಣೆ ಹಾಕ್ತಾರೆ?”

“ನೀ ಸುಮ್ಮನಿರು. ನಿನ್ನ ನಾಲ್ಗೆ ಬ್ರಾಂದೀಲಿ ಬೆಂದು ಮೂವತ್ತು ವರ್ಷ ಆತು. ನಾ ಕೇಳಿದ್ದು ಇವನ್ನ.”

ಹುಡುಗ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ. “ಹಾಕಿಲ್ಲ ಅವ್ವಾ. ಆದ್ರೆ ಇದೆ.” ಹುದುಗು ಬರುವಾಗ ಆ ಬೆಣ್ಣೆಯ ವಾಸನೆ ತಾನಾಗಿ ಹುಟ್ಟುತ್ತದೆ, ಕೊನೆಯಲ್ಲಿ ಮೂರುನಾಲ್ಕು ದಿನ ಸ್ವಲ್ಪ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ, ಆಮೇಲೆ ತಣ್ಣಗೆ ಐದಾರು ವಾರ ಮಲಗಿಸಬೇಕು ಎಂದ. “ನೀವು ದಿನ ಹಿಂದಕ್ಕೆ ಎಳೆದ್ರಿ. ಇದು ಮಲಗಿದ್ದೂ ಕಮ್ಮಿ, ಬೆಚ್ಚಗೆ ಬಿಡಲೇ ಇಲ್ಲ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.”

“ಯಾರಿಗೂ ಗೊತ್ತಾಗಾಕಿಲ್ಲೆ ಅಂತ ನಮ್ಮ ಮನೇಗೆ ತಂದೆ.”

“ಹೌದು ಅವ್ವಾ.”

ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಾಗಿಲ ಹಿಂದೆ ನನ್ನ ಮಗಳ ಕಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿದ್ದದ್ದು ಕಾಣುತ್ತಿತ್ತು. ಸಂಬಂಧ ಮುರಿಯಿತೆಂದೇ ನಾನು ಅಂದುಕೊಂಡೆ.

“ಓಗು,” ಎಂದರು ಅತ್ತೆ. “ಸರಿಯಾಗಿ ಮಾಡ್ಕೊಂಡು ಬಾ. ಆಡೀಲಿ ನಾವೂ ಏನೂ ಮಾಡಾಕಿಲ್ಲೆ, ಅದೂ ಮಲಗಿರ್ಲಿ. ಆಡಿ ಕಳ್ದು ಆವಣಿ ಬಂದ್ಮೇಲೆ ನೋಡಾನ. ಅವತ್ತೂ ಬೆಣ್ಣೆ ಇದ್ರೆ ಪೊಣ್ಣು ಇಲ್ಲೆ.”

ಆಡಿ ಗಾಳಿ ದ್ರಾಕ್ಷಿ ಚಪ್ಪರದ ತಂತಿಗಳನ್ನು ಶಿಳ್ಳೆ ಹಾಕಿಸುತ್ತಿತ್ತು. ಆ ತಿಂಗಳ ಕೊನೆಯಲ್ಲಿ ಅತ್ತೆಗೆ ಜ್ವರ ಬಂತು. ಐದು ದಿನಕ್ಕೆ ಇಳಿಯಿತು. ಎದ್ದು ಕುಳಿತವರು ಕೊಟ್ಟದ್ದನ್ನು ಕೊಟ್ಟಂತೆ ಉಂಡರು. ಉಪ್ಪಿಲ್ಲದ ಗಂಜಿಗೂ ಮಾತಿಲ್ಲ, ಹಿಂದಿನ ದಿನದ ಸಾರಿಗೂ ಮಾತಿಲ್ಲ. “ಅಮ್ಮ ಮಾಗಿಬಿಟ್ರು, ಎಷ್ಟು ಸಾಧುವಾದ್ರು,” ಎಂದು ಬಾವ ಊರಿಗೆಲ್ಲ ಹೇಳಿಕೊಂಡು ಬಂದರು. ತಮ್ಮ ತಾಯಿಯನ್ನು ಐವತ್ತು ವರ್ಷ ನೋಡಿದ ಮನುಷ್ಯನಿಗೆ ತಿಳಿದದ್ದು ಇಷ್ಟು.

ಒಂದು ಬೆಳಿಗ್ಗೆ ಒಲೆಯ ಮೇಲೆ ತುಪ್ಪ ಇಟ್ಟು ನಾನು ಬಟ್ಟೆ ಎತ್ತಲು ಮಹಡಿಗೆ ಹೋಗಿದ್ದೆ. ಮೆಟ್ಟಿಲಿಳಿಯುವಾಗಲೇ ತಳ ಹೊತ್ತಿದ ವಾಸನೆ ಬಡಿಯಿತು. ಓಡಿ ಬಂದರೆ, ಒಲೆಯಿಂದ ಎರಡು ಮಾರು ದೂರದಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ತಲೆಯೆತ್ತಿ, “ಯಾಕೆ ಓಡಿ ಬತ್ತೀಯೆ?” ಎಂದರು. ನಾನು ಒಲೆ ಆರಿಸಿದೆ. ಕಪ್ಪಾದ ಪಾತ್ರೆಯನ್ನು ಅವರು ನೋಡಿದರು, ನನ್ನನ್ನು ನೋಡಿದರು.

ಆವಣಿಯಲ್ಲಿ ಅವರು ಮತ್ತೆ ಬರುವ ದಿನ ಹತ್ತಿರವಾದಂತೆ ನನಗೆ ಒಂದು ಕೆಟ್ಟ ಆಸೆ ಹುಟ್ಟಿತು. ಮೂಗು ಸತ್ತದ್ದು ನನಗೊಬ್ಬಳಿಗೇ ಗೊತ್ತು. ಅತ್ತೆ ಸುಮ್ಮನೆ ‘ಚೆನ್ನಾಗೈತೆ’ ಎಂದುಬಿಟ್ಟರೆ ಸಾಕು, ಮಗಳ ಮದುವೆ ಆಗುತ್ತದೆ. ಆ ಒಂದು ಮಾತು ಅವರ ಬಾಯಿಂದ ಬರಲೆಂದು ದೇವರಿಗೆ ಕೈ ಮುಗಿದೆ.

ಅದೇ ಜಗಲಿ, ಅದೇ ಜನ, ಅದೇ ಗ್ಲಾಸು. ಈ ಸಲ ನೊರೆ ಬಿಳಿಯಾಗಿತ್ತು, ಬಿಯರು ಆಚೆಯ ಕಂಬ ಕಾಣುವಷ್ಟು ತಿಳಿಯಾಗಿತ್ತು. ಅತ್ತೆ ಬೆರಳದ್ದಿ, ಸವರಿ, ಉಜ್ಜಿ, ಕಾದು, ಮೂಸಿದರು. ಬಹಳ ಹೊತ್ತು ಮೂಸಿದರು. ಹುಡುಗನ ಹಣೆಯಲ್ಲಿ ಬೆವರು. ಆಮೇಲೆ ಗ್ಲಾಸನ್ನು ನನ್ನತ್ತ ಚಾಚಿದರು.

“ನೀ ನೋಡು.”

“ನಾನಾ ಅತ್ತೆ?”

“ನಂಗೆ ಮೂಗು ಓಯ್ತು. ಜ್ವರದಲ್ಲಿ ಓಯ್ತು.” ಎಲ್ಲರೆದುರೂ ಹೇಳಿದರು, ಬಳೆ ಒಡೆಯಿತು ಎನ್ನುವಷ್ಟು ಹಗುರಾಗಿ. “ಪೊಯ್ ಹೇಳಾಕೆ, ಸುಳ್ಳು ಹೇಳಾಕೆ, ನಂಗೆ ಬರಾಕಿಲ್ಲೆ. ಇಪ್ಪತ್ತೈದು ವರ್ಷ ನನ್ನ ತುಪ್ಪದ ಪಕ್ಕ ನಿಂತೀಯೆ. ಇವ್ರ ಮುಂದೆ ನಿನ್ನ ಮೂಗೊಂದೇ ಗತಿ.”

“ಸುಮ್ಮಾ ಇರಮ್ಮ, ಅವಳಿಗೇನು ಗೊತ್ತು, ಕೊಡಿಲ್ಲಿ ನಾ ನೋಡ್ತೀನಿ,” ಎಂದು ಬಾವ ಕೈ ಚಾಚಿದರು. ಅತ್ತೆ ಆ ಕೈಯನ್ನು ನೋಣ ಓಡಿಸಿದಂತೆ ಸರಿಸಿದರು.

ಕೈಯ ಹಿಂಬದಿಗೆ ಸವರಿಕೊಂಡೆ. ಬೆಣ್ಣೆ ಇರಬಾರದೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಮೊದಲ ಸಲ ಇಲ್ಲವೆನಿಸಿದ್ದನ್ನು ನಂಬಲಾಗಲಿಲ್ಲ. ಎರಡನೆಯ ಸಲ ಮೂಸಿದೆ. ಒಣಹುಲ್ಲು, ಬ್ರೆಡ್ಡಿನ ಅಂಚು. ಮೂರನೆಯ ಸಲ ಒಂದು ಗುಟುಕು ಕುಡಿದು, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟೆ. ಕಿತ್ತಳೆ ಸಿಪ್ಪೆಯ ಬಿಳಿಯ ಭಾಗ ಕಚ್ಚಿದಂಥ ಕಹಿ ನಾಲಿಗೆಯ ಹಿಂದಕ್ಕೆ ಹೋಗಿ ಅಲ್ಲೇ ಒಣಗಿತು. ಹಿಂದೆ ಏನೂ ಉಳಿಯಲಿಲ್ಲ. ಜಿಡ್ಡಿಲ್ಲ, ಪಾತ್ರೆಯ ನಾತವಿಲ್ಲ.

“ಬೆಣ್ಣೆ ಇಲ್ಲ ಅತ್ತೆ.”

“ಮಗಳಿಗೋಸ್ಕರ ಹೇಳ್ತೀಯಾ?”

“ಇಲ್ಲ. ಮೂರು ಸಲ ನೋಡಿದೆ. ಕೆಲಸ ಶುದ್ಧವಾಗಿದೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. “ಆದರೆ ನನಗೆ ರುಚಿಸಲಿಲ್ಲ. ಇಂಥ ಕಹಿಯನ್ನ ಜನ ಯಾಕೆ ಬಯಸಿ ಬಯಸಿ ಕುಡೀತಾರೋ ದೇವರೇ ಬಲ್ಲ.”

“ಏನಮ್ಮಾ ಇದು, ಮಾಪ್ಳೆ ಎದುರಿಗೇ!” ಎಂದರು ಬಾವ.

ಹುಡುಗ ಮಾತ್ರ, ಹೊತ್ತ ಮೂಟೆ ಇಳಿಸಿದವನಂತೆ ಬೆನ್ನು ಸಡಿಲಿಸಿದ. ಅತ್ತೆ ಸೊಂಟದ ಚೀಲದಿಂದ ಅಡಿಕೆ ತೆಗೆದರು. “ರುಚಿಸಲಿಲ್ಲೆ ಅಂದ್ಲಲ್ಲಾ, ಇನ್ನು ಬೆಣ್ಣೆ ಇಲ್ಲೆ ಅಂದಿದ್ದನ್ನ ನಂಬಬೌದು. ತಾಂಬೂಲದ ತಟ್ಟೆ ತನ್ನಿ.”

ಆವಣಿಯಲ್ಲೇ ಮದುವೆಯಾಯಿತು. ಅತ್ತೆಯ ಮೂಗು ಮರಳಿ ಬರಲಿಲ್ಲ. ಕೊನೆಯ ನಾಲ್ಕು ತಿಂಗಳು ಅವರು ಹಾಸಿಗೆಯಿಂದಲೇ ನನ್ನನ್ನು ಕೂಗಿ, “ಈಗ ಏನು ವಾಸನೆ ಬತ್ತೈತೆ?” ಎಂದು ಕೇಳುವರು. ತೋಟಕ್ಕೆ ಮದ್ದು ಹೊಡೆದಿದ್ದಾರೆ ಎನ್ನುವೆ. ಪಕ್ಕದ ಮನೆಯಲ್ಲಿ ಹಾಲು ಸೀದಿದೆ ಎನ್ನುವೆ. ಒಂದು ಸಂಜೆ ಬಾವ ಬಂದು ನಮಸ್ಕಾರ ಮಾಡಿ ಹೋದ ಮೇಲೆ, “ಈಗ?” ಎಂದರು. “ಬ್ರಾಂದಿ, ಮೇಲೆ ಏಲಕ್ಕಿ,” ಎಂದೆ. ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ನನ್ನ ಕೈ ಹಿಡಿದು, “ಇನ್ಮೇಲೆ ಇವ್ರಿಗೆ ಹೇಳೋರು ಯಾರಿದಾರೆ?” ಎಂದರು.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಹೋದರು. ಜಗಲಿಯಲ್ಲಿ ಮಲಗಿಸಿದ್ದರು. ಬಾವ ತಲೆಯ ಹತ್ತಿರ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮಮ್ಮ ಯಾರನ್ನೂ ಒಂದು ಮಾತು ಅಂದೋಳಲ್ಲ. ಅಷ್ಟು ಸಾಧು.” ಬಂದವರು ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಮೂರು ಸಲ ಕೇಳಿಸಿಕೊಂಡೆ. ನಾಲ್ಕನೆಯ ಸಲ ಎದ್ದು ನಿಂತೆ.

“ಅಂದಿದ್ದಾರೆ ಬಾವ,” ಎಂದೆ. “ನಿಮ್ಮನ್ನೇ ಅಂದಿದ್ದಾರೆ. ನಾನು ಕೇಳಿದ್ದೇನೆ.”

ಅಳು ಒಂದು ಕ್ಷಣ ನಿಂತಿತು. ಹೆಂಗಸರ ನಡುವೆ ಯಾರೋ ಸೆರಗಿನೊಳಗೆ ನಕ್ಕರು. ಬೆಳಗಿನಿಂದ ಬಾರದ ಅಳು ನನಗೆ ಆಗ ಬಂತು.